ಪಾದಕ್ಕೇನು ಗೊತ್ತಾಯಿತು

ಕಪಿಲೆಯ ಸೋಪಾನದ ಕೆಳಗಿನ ಮೆಟ್ಟಿಲಲ್ಲಿ ನೀರಿಗಿಳಿದು ನಿಂತರೆ ಮೀನಿನ ಮರಿಗಳು ಬಂದು ಪಾದಕ್ಕೆ ಬಾಯಿ ಹಾಕುತ್ತವೆ. ನೋವೇನೂ ಆಗುವುದಿಲ್ಲ, ಬರೀ ಕಚಗುಳಿ. ನಂಜನಗೂಡಿನ ಹೆಂಗಸರು ಬುದ್ಧಿ ಬಂದಾಗಿನಿಂದ ಕಂಡ ಆಟ ಅದು. ಆದರೂ ಪ್ರತಿಸಲವೂ ಇದೇ ಮೊದಲು ಎನ್ನುವ ಹಾಗೆ ಕಿರುಚಿ ಕಾಲೆತ್ತುತ್ತಾರೆ. ಆ ಕಾರ್ತಿಕ ಸೋಮವಾರ ಸರ್ವಮಂಗಳಾಳ ಅಕ್ಕಪಕ್ಕ ನಿಂತವರೆಲ್ಲ ಹಾಗೆ ಕಿರುಚಿ ನಗುತ್ತಿದ್ದರು. ಸರ್ವಮಂಗಳಾ ಬಗ್ಗಿ ನೋಡಿದಳು. ತಿಳಿನೀರಿನಲ್ಲಿ ಅವಳ ಹಿಮ್ಮಡಿಗೂ ಮೀನು ಮುತ್ತಿದ್ದವು, ಬೆಲ್ಲದಚ್ಚಿಗೆ ಇರುವೆ ಮುತ್ತಿದ ಹಾಗೆ. ಅವಳಿಗೆ ಏನೂ ಗೊತ್ತಾಗುತ್ತಿರಲಿಲ್ಲ.

“ಇದೇನ್ ಮಂಗಳಕ್ಕ, ನಿಮ್ ಕಾಲ್ನ ಮೀನೂ ಮೂಸಲ್ವಾ?” ಎಂದಳು ಪಕ್ಕದ ಮನೆಯ ದೇವೀರಮ್ಮ.

“ಮೂಸ್ತಾವೆ ಕಣೆ. ನಂಗೆ ಅಭ್ಯಾಸ ಆಗೋಗಿದೆ,” ಎಂದು ಸರ್ವಮಂಗಳಾ ನಕ್ಕು ಮೆಟ್ಟಿಲು ಹತ್ತಿದಳು.

ಮೇಲೆ ನಿಂತು ಒದ್ದೆ ಸೀರೆ ಹಿಂಡಿದಳು. ಏನಾಗಿದೆಯೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷವಾಗಿತ್ತು. ಮಾತ್ರೆ ನುಂಗುತ್ತಿದ್ದಳು, ಹಬ್ಬಕ್ಕೆ ಮಾತ್ರ ಒಬ್ಬಟ್ಟು ತಿನ್ನುತ್ತಿದ್ದಳು. ಕಳಲೆಯಲ್ಲಿದ್ದ ಅವಳ ಅಕ್ಕನಿಗೂ ಅದೇ ಕಾಯಿಲೆ. ಅಕ್ಕನ ಹೆಬ್ಬೆರಳಿನ ಕೆಳಗೆ ಒಂದು ಹುಣ್ಣಾಗಿತ್ತು. ಕೀವು ತುಂಬಿ ವಾಸನೆ ಬರುವವರೆಗೂ ಅಕ್ಕನಿಗೆ ಅದು ತಿಳಿದಿರಲಿಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಮೊಣಕಾಲಿನವರೆಗೆ. ಆಳಿನ ಜೊತೆ ಸರಿಸಮನಾಗಿ ಗದ್ದೆಯಲ್ಲಿ ಬಗ್ಗುತ್ತಿದ್ದ ಅಕ್ಕ ಈಗ ಮಂಚದ ಮೇಲೆ. ಸೊಸೆಯಂದಿರು ಒಳ್ಳೆಯವರು, ಅವರೆಕಾಯಿ ಸುಲಿಯಲೂ ಕೊಡುತ್ತಿರಲಿಲ್ಲ. ನೋಡಲು ಬಂದವರು ಬ್ರೆಡ್ಡಿನ ಪೊಟ್ಟಣ ಇಟ್ಟು, ಕಾಲು ಇಲ್ಲದ ಕಡೆಗೇ ಕಣ್ಣು ಹಾಯಿಸಿ, ಉಸ್ಸೆಂದು ಎದ್ದು ಹೋಗುತ್ತಿದ್ದರು.

ಸರ್ವಮಂಗಳಾಳ ಗಂಡ ಕಲ್ಲಯ್ಯ ಕೂಡ ಒಳ್ಳೆಯವನೇ. ಭಯ ಹುಟ್ಟಿಸಿದ್ದು ಆ ಒಳ್ಳೆಯತನವೇ. ಬಾಳೆಕಾಯಿ ಮಂಡಿ ಇಟ್ಟಿದ್ದ ಅವನಿಗೆ ಯಾವುದನ್ನೂ ಪೆಟ್ಟಾಗದಂತೆ ಒಣಹುಲ್ಲಿನಲ್ಲಿ ಮುಚ್ಚಿಡುವುದೇ ಕಸುಬು. ಹೆಂಡತಿಯ ಪಾದ ಸತ್ತಿದೆಯೆಂದು ಗೊತ್ತಾದರೆ ನಾಳೆಯೇ ಹೊಲಿಗೆ ಮಿಷಿನ್ನು ಅಟ್ಟಕ್ಕೆ ಹೋಗುತ್ತದೆ. ಅಂಗಡಿ ಬೀದಿಯ ಅರ್ಧ ಹೆಂಗಸರ ರವಿಕೆ ಅವಳ ಕೈಯಲ್ಲಿ ಆಗುತ್ತಿತ್ತು. ಪೆಡಲು ತುಳಿಯುವ ಕಾಲಿಗೆ ಈಚೆಗೆ ಪೆಡಲು ಗೊತ್ತಾಗುತ್ತಿರಲಿಲ್ಲ, ನಿಜ. ಆದರೆ ಚಕ್ರ ತಿರುಗುವ ಸದ್ದು ಕಿವಿಗೆ ಗೊತ್ತಾಗುತ್ತಿತ್ತಲ್ಲ. ಅವಳು ಯಾರಿಗೂ ಹೇಳಲಿಲ್ಲ. ಡಾಕ್ಟರಿಗೂ ಹೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ದೇವೀರಮ್ಮ ಒಂದು ಸುದ್ದಿ ತಂದಳು. ಮಠದ ದಾಸೋಹದ ದೊಡ್ಡ ಹಾಲ್‌ನಲ್ಲಿ ಬೆಳಿಗ್ಗೆ ಹೆಂಗಸರಿಗೆ ನಡಿಗೆ ಧ್ಯಾನ ಹೇಳಿಕೊಡುತ್ತಾರಂತೆ.

“ನಡಿಯೋದ್ನ ಹೇಳ್ಕೊಡ್ತಾರಾ? ನಾವೇನ್ ತೆವಳ್ಕೊಂಡಿದ್ವಾ ಇಷ್ಟ್ ದಿನ?” ಎಂದು ಸರ್ವಮಂಗಳಾ ಕೇಳಿದಳು.

“ಅಂಗಲ್ಲ ಕಣಕ್ಕ. ಒಂದೊಂದ್ ಎಜ್ಜೇನೂ ಗೊತ್ತಿಟ್ಕೊಂಡ್ ನಡೀಬೇಕಂತೆ. ಅಂಗ್ ನಡುದ್ರೆ ಮಯ್ಯಲ್ಲಿ ಸತ್ತೋಗಿರೋದೆಲ್ಲ ಎದ್ದು ಕೂತ್ಕೊತದಂತೆ. ಬನ್ನಿ, ನಮ್ ಅತ್ತೆ ಕಾಟ ಒಂದ್ ಗಂಟೆ ತಪ್ಪುತ್ತೆ.”

ಸತ್ತುಹೋಗಿರುವುದೆಲ್ಲ ಎದ್ದು ಕೂರುತ್ತದೆ ಎಂಬ ಮಾತು ಸರ್ವಮಂಗಳಾಳ ಕಿವಿಯಲ್ಲಿ ನಿಂತಿತು. ಮಾರನೆಯ ದಿನ ಮಿಷಿನ್ನಿಗೆ ಬಟ್ಟೆ ಮುಚ್ಚಿ ಹೊರಟಳು.

ಹೇಳಿಕೊಡುವವಳು ಗೌತಮಿ. ತಿ. ನರಸೀಪುರದ ಹುಡುಗಿ, ನಂಜನಗೂಡಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರು. ಬೌದ್ಧ ಭಿಕ್ಕು ಒಬ್ಬರ ಹತ್ತಿರ ಈ ನಡಿಗೆ ಕಲಿತು ಬಂದಿದ್ದಳು. ಅವರು ಅದನ್ನು ಚಂಕ್ರಮಣ ಎನ್ನುತ್ತಿದ್ದರಂತೆ. ಗೌತಮಿ ಎಂಬ ಹೆಸರು ಕೇಳಿದರೆ ಅವಳು ಯಾರ ಪೈಕಿ ಎಂದು ಊರಿಗೆ ಗೊತ್ತಾಗುವಂತಿತ್ತು. ಮಠದವರು ಅದನ್ನೇನೂ ಕೇಳದೆ ಹಾಲ್ ಬಿಟ್ಟುಕೊಟ್ಟರು. ಹೆಂಗಸರು ತಮ್ಮತಮ್ಮಲ್ಲೇ ಕೇಳಿಕೊಂಡು ಸುಮ್ಮನಾದರು.

“ಹಿಮ್ಮಡಿ ಏಳ್ತಾ ಇದೆ,” ಎಂದು ಗೌತಮಿ ಮೆಲ್ಲಗೆ ಹೇಳುತ್ತಿದ್ದಳು. “ಆತುರ ಬೇಡ. ಈಗ ಬೆರಳು ಏಳ್ತಾ ಇದೆ. ಕಾಲು ಗಾಳಿಲಿದೆ. ಈಗ ಇಳೀತಾ ಇದೆ. ನೆಲ ಮೊದಲು ಎಲ್ಲಿ ಮುಟ್ಟಿತು? ಭಾರ ಎಲ್ಲಿಂದ ಎಲ್ಲಿಗೆ ಹೋಯ್ತು? ಕಣ್ಣಲ್ಲಿ ನೋಡ್ಬೇಡಿ. ಪಾದಾನೇ ಕೇಳಿ.”

ತುಂಬು ಬಸುರಿ ತಲೆಯ ಮೇಲೆ ಎಣ್ಣೆಕೊಡ ಹೊತ್ತು ನಡೆದ ಹಾಗೆ ಗುಡಿ ಸುತ್ತಬೇಕು ಎಂದು ಸರ್ವಮಂಗಳಾಳ ಅಜ್ಜಿ ಹೇಳುತ್ತಿದ್ದಳು. ಈ ನಡಿಗೆಯೂ ಅಂಥದ್ದೇ. ಹಾಲಿನ ಒಂದು ಗೋಡೆಯಿಂದ ಇನ್ನೊಂದು ಗೋಡೆ ಮುಟ್ಟುವಷ್ಟರಲ್ಲಿ ಒಲೆಯ ಮೇಲಿಟ್ಟ ಅನ್ನ ಬೆಂದಿರುತ್ತಿತ್ತು. ನಡೆದಾದ ಮೇಲೆ ಎಲ್ಲರೂ ಸುತ್ತ ಕೂರುವುದು. ಪಾದಕ್ಕೇನು ಗೊತ್ತಾಯಿತೆಂದು ಒಬ್ಬೊಬ್ಬರೇ ಹೇಳುವುದು.

ಮೊದಲ ದಿನ ದೇವೀರಮ್ಮ ಹೇಳಿದಳು: “ಮಿಸ್, ನಂಗೆ ಕಿರುಬೆಳ್ಳು ಅಂತ ಒಂದೈತೆ ಅನ್ನೋದೇ ಮರ್ತೋಗಿತ್ತು. ಪಾಪ, ಮೂಲೇಲಿ ಕೂತದೆ, ಕಿರಿಸೊಸೆ ಕೂತಂಗೆ.”

ಎಲ್ಲರೂ ನಕ್ಕರು. ಒಬ್ಬರು ಕಲ್ಲು ತಣ್ಣಗಿತ್ತು ಎಂದರು. ಒಬ್ಬರು ಹಿಮ್ಮಡಿಯ ಬಿರುಕು ಚುರುಗುಟ್ಟಿತು ಎಂದರು. ಸರ್ವಮಂಗಳಾಳ ಸರದಿ ಬಂತು.

ಅವಳು ಮದುವೆಯಾಗಿ, ಮಗಳು ಶ್ವೇತ ಹುಟ್ಟಿದ ಮೇಲೆ ಸಂಜೆ ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿ ಪಾಸು ಮಾಡಿಕೊಂಡವಳು. ಅಲ್ಲಿನ ಮೇಷ್ಟ್ರು ದಿನವೂ ಒಂದೇ ಮಾತು ಹೇಳುತ್ತಿದ್ದರು: ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ, ಗೊತ್ತಿಲ್ಲದಿದ್ದರೂ ಏನಾದರೂ ಬರೆಯಿರಿ, ಒಂದೋ ಎರಡೋ ಅಂಕ ಬಂದೇ ಬರುತ್ತದೆ. ಎಲ್ಲರ ಮುಖ ತನ್ನ ಕಡೆ ತಿರುಗಿದಾಗ ಸರ್ವಮಂಗಳಾ ಖಾಲಿ ಬಿಡಲಾರದೆ ಹೋದಳು.

“ತಣ್ಣಗಿತ್ತು,” ಎಂದಳು. ಅದು ಸಾಲದೆನಿಸಿತು. “ಕಂಬದ ಹತ್ರ ಕಲ್ಲು ಸ್ವಲ್ಪ ಉಬ್ಬಿತ್ತು. ಕಿಟಕಿ ಕೆಳಗೆ ಬಂದಾಗ ಬೆಚ್ಚಗಾಯ್ತು.”

ಉಬ್ಬಿದ ಕಲ್ಲನ್ನು ಅವಳ ಕಣ್ಣು ನೋಡಿತ್ತು. ಕಿಟಕಿಯ ಕೆಳಗೆ ಬಿಸಿಲು ಬಿದ್ದಿದ್ದನ್ನೂ ಕಣ್ಣೇ ನೋಡಿತ್ತು.

ಗೌತಮಿಯ ಮುಖ ಅರಳಿತು. “ನೋಡಿ, ಹೀಗೆ. ಮೊದಲ್ನೇ ದಿನಾನೇ ಎಷ್ಟು ಸೂಕ್ಷ್ಮ ನೋಡಿ.”

ಮನೆಗೆ ಬಂದ ಸರ್ವಮಂಗಳಾಗೆ ಊಟ ಸೇರಲಿಲ್ಲ. ಬೇರೆಯವರ ತೋಟದ ಹೂ ಕಿತ್ತು ದೇವರಿಗಿಟ್ಟ ಹಾಗಾಗಿತ್ತು. ನಾಳೆ ನಿಜ ಹೇಳಿಬಿಡುತ್ತೇನೆ ಎಂದುಕೊಂಡಳು. ನಾಳೆ ಬಂದಾಗ, ಇನ್ನೆರಡು ದಿನ ನಡೆದರೆ ಪಾದಕ್ಕೆ ಜೀವ ಬಂದೇ ಬಿಡಬಹುದು, ಆಗ ಹೇಳುವ ಅಗತ್ಯವೇ ಇರುವುದಿಲ್ಲ ಎನಿಸಿತು. ನಿಜಕ್ಕೂ ಶ್ರದ್ಧೆಯಿಂದ ನಡೆದಳು. ಅಷ್ಟು ಶ್ರದ್ಧೆಯಿಂದ ಆ ಹಾಲಿನಲ್ಲಿ ಯಾರೂ ನಡೆದಿರಲಿಕ್ಕಿಲ್ಲ. ಕಣ್ಣು ಅರೆಮುಚ್ಚಿ, ಹಲ್ಲು ಕಚ್ಚಿ, ಪಾದವನ್ನು ಕೇಳಿದಳು. ಪಾದ ಏನೂ ಹೇಳಲಿಲ್ಲ. ಮತ್ತೆ ಸುತ್ತ ಕೂತಾಗ ಬಾಯಿ ಹೇಳಿತು.

ಬರಬರುತ್ತಾ ಅವಳಿಗೆ ಒಂದು ದಾರಿ ಸಿಕ್ಕಿತು. ಚಿಕ್ಕವಳಿದ್ದಾಗ ಮುಡುಕುತೊರೆಯ ಸೋದರಮಾವನ ಮನೆಗೆ ಹೋಗುತ್ತಿದ್ದಳು. ಕಾವೇರಿಯ ದಡದ ಮರಳು, ಬೆಟ್ಟದ ಮೆಟ್ಟಿಲ ಕಲ್ಲು, ಗದ್ದೆಬದುವಿನ ಕೆಸರು, ಕೆಸರಿನೊಳಗೆ ಬೆರಳ ಸಂದಿಯಿಂದ ಮೇಲೇಳುವ ತಂಪು — ಆ ಹುಡುಗಿಯ ಪಾದಗಳಿಗೆ ಎಲ್ಲವೂ ನೆನಪಿತ್ತು. ಸರ್ವಮಂಗಳಾ ಅದರಿಂದ ದಿನಕ್ಕಿಷ್ಟು ತೆಗೆದು ಹೇಳತೊಡಗಿದಳು. “ಭಾರ ಹಿಮ್ಮಡಿಯಿಂದ ಹೊರಗಿನ ಅಂಚಿಗೆ ಹೋಗಿ, ಆಮೇಲೆ ಹೆಬ್ಬೆರಳಿಗೆ ಬರುತ್ತೆ, ನೀರು ಕಾಲುವೇಲಿ ತಿರುಗಿದ ಹಾಗೆ,” ಎಂದಾಗ ಉಳಿದವರು ತಮ್ಮ ಪಾದ ಮುಟ್ಟಿ ನೋಡಿಕೊಂಡು ಹೌದು ಹೌದು ಎಂದರು. ಗೌತಮಿ ಹೊಸಬರನ್ನು ಅವಳ ಪಕ್ಕಕ್ಕೆ ಕೂರಿಸತೊಡಗಿದಳು. “ಸರ್ವಮಂಗಳಮ್ಮನ್ನ ಕೇಳಿ, ಅವರು ಹೇಳ್ತಾರೆ.” ಹೀಗೆ ಪಾದ ಇಲ್ಲದವಳು ಪಾದದ ವಿಷಯದಲ್ಲಿ ಊರಿಗೆ ದೊಡ್ಡವಳಾದಳು.

ಯುಗಾದಿ ಕಳೆದ ಒಂದು ಭಾನುವಾರ ಗೌತಮಿ ಎಲ್ಲರನ್ನೂ ತಿ. ನರಸೀಪುರದ ಸಂಗಮಕ್ಕೆ ಕರೆದೊಯ್ದಳು. ಕಲ್ಲುನೆಲದ ಮೇಲೆ ನಡೆದದ್ದಾಯಿತು, ಹೊಳೆಯ ಮರಳಿನ ಮೇಲೂ ಒಂದು ದಿನ ನಡೆಯೋಣ ಎಂದು. ಬಿಸಿಲೇರುವ ಮೊದಲೇ ಮುಗಿಸಬೇಕೆಂದು ಲೆಕ್ಕ ಹಾಕಿದ್ದರು. ಬಸ್ಸಿನ ಟೈರು ದಾರಿಯಲ್ಲಿ ಕೈಕೊಟ್ಟಿತು. ಸಂಗಮ ಮುಟ್ಟುವಾಗ ಸೂರ್ಯ ನೆತ್ತಿಯ ಹತ್ತಿರ ಬಂದಿದ್ದ. ಹೊಳೆ ಬತ್ತಿ ಹಿಂದೆ ಸರಿದಿತ್ತು. ಮೆಟ್ಟಿಲಿನಿಂದ ನೀರಿನವರೆಗೆ ಬಿಳಿ ಮರಳು ಹೊಳೆಯುತ್ತಿತ್ತು.

ಗೌತಮಿ ಚಪ್ಪಲಿ ಬಿಟ್ಟು ಒಂದು ಕಾಲಿಟ್ಟು ಹಿಂದಕ್ಕೆ ತೆಗೆದಳು. “ಕಾದುಬಿಟ್ಟಿದೆ. ಬೇಡ, ಅರಳಿಮರದ ನೆರಳಲ್ಲೇ ನಡೆಯೋಣ.”

“ಅಯ್ಯೋ, ಇಷ್ಟ್ ದೂರ ಬಂದು ನೆಳ್ಳಲ್ಲಿ ಸುತ್ತೋದಾ ಮಿಸ್? ನಮ್ ಮಂಗಳಕ್ಕನ್ನ ಮುಂದ್ ಬುಡಿ,” ಎಂದಳು ದೇವೀರಮ್ಮ. “ಅವ್ರು ಕೆಂಡದ್ ಮ್ಯಾಲೂ ನಡೀತಾರೆ. ಅವ್ರಿಂದೆ ನಾವ್ ಓಯ್ತೀವಿ, ಆದೋಟು.”

ಗೌತಮಿ ಸರ್ವಮಂಗಳಾಳ ಮುಖ ನೋಡಿದಳು. “ಆಗುತ್ತಾ ಅಮ್ಮ? ಸುಡುತ್ತೆ.”

ಆಗುವುದಿಲ್ಲ ಎಂದರೆ ಸಾಕಾಗಿತ್ತು. ಸುಡುತ್ತದೆ ಎಂದು ಸುಳ್ಳಾದರೂ ಹೇಳಬಹುದಿತ್ತು. ಆದರೆ ಎಲ್ಲರೂ ಕಾಯುತ್ತಿದ್ದರು, ಅವರ ಕಣ್ಣಲ್ಲಿ ನಂಬಿಕೆ ಇತ್ತು, ಆ ನಂಬಿಕೆಯನ್ನು ಕೆಡಿಸುವುದು ಅವಳಿಗೆ ಪಾಪವೆನಿಸಿತು. “ಪರವಾಗಿಲ್ಲ ಮಿಸ್,” ಎಂದಳು.

ಹಿಮ್ಮಡಿ, ಪಾದ, ಬೆರಳು. ಸರ್ವಮಂಗಳಾ ಮರಳಿಗಿಳಿದಳು. ಹಿಂದೆ ಬಂದವರು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಕುಣಿಯತೊಡಗಿದರು. “ಅವ್ವಯ್ಯೋ, ಬಾಣಲೆ ಕಣೇ ಇದು,” ಎಂದು ದೇವೀರಮ್ಮ ಸೀರೆ ಎತ್ತಿ ಹಿಂದಕ್ಕೆ ಓಡಿದಳು. ನಗು, ಕೇಕೆ, ಓಟ. ಸರ್ವಮಂಗಳಾ ಮಾತ್ರ ತುಂಬು ಬಸುರಿಯ ಹಾಗೆ ನಡೆದಳು. ಪಾದ ಎಲ್ಲಿ ಕೊನೆಯಾಗುತ್ತದೆ, ಮರಳು ಎಲ್ಲಿ ಶುರುವಾಗುತ್ತದೆ ಒಂದೂ ತಿಳಿಯದೆ, ಮುಡುಕುತೊರೆಯ ಮರಳನ್ನು ನೆನೆಯುತ್ತಾ ನೀರಿನವರೆಗೆ ಹೋಗಿ, ಅಷ್ಟೇ ನಿಧಾನವಾಗಿ ತಿರುಗಿ ಬಂದಳು. ಮೆಟ್ಟಿಲ ಮೇಲೆ ನಿಂತವರು ನಗು ನಿಲ್ಲಿಸಿದ್ದರು. ಸಂಗಮಕ್ಕೆ ಪೂಜೆಗೆಂದು ಬಂದಿದ್ದ ಯಾರೋ ಒಬ್ಬ ಹೆಂಗಸು ಕೈಮುಗಿದಳು.

ಅವಳು ಮೆಟ್ಟಿಲೇರಿದಾಗ ದೇವೀರಮ್ಮ ಕೂಗಿದಳು: “ಅಕ್ಕ, ನೋಡ್ಕೊಂಡ್ ಬನ್ನಿ. ಯಾರೋ ಪೂಜೆ ಕುಂಕುಮ ಚೆಲ್ಲವ್ರೆ, ತುಳಿಬ್ಯಾಡಿ.”

ಸಂಗಮದ ಮೆಟ್ಟಿಲಿನಲ್ಲಿ ಕುಂಕುಮ ಚೆಲ್ಲಿರುವುದು ಹೊಸತಲ್ಲ. ಸರ್ವಮಂಗಳಾ ತುಳಿಯಬಾರದೆಂದು ಪಕ್ಕಕ್ಕೆ ಕಾಲಿಟ್ಟಳು. ಪಕ್ಕದ ಕಲ್ಲೂ ಕೆಂಪಾಯಿತು. ಮೇಲಿನ ಮೆಟ್ಟಿಲಿಗೆ ಹತ್ತಿದಳು. ಅಲ್ಲಿಯೂ ಒಂದು ಕೆಂಪು ಹೆಜ್ಜೆ ಮೂಡಿತು.

ದೇವೀರಮ್ಮನ ದನಿ ಬದಲಾಯಿತು. “ಕುಂಕುಮ ಅಲ್ಲ ಕಣ್ ಮಿಸ್. ಅಕ್ಕನ್ ಕಾಲು.”

ಗೌತಮಿ ಓಡಿ ಬಂದು ಅವಳನ್ನು ಕೂರಿಸಿ, ಪಾದವನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಅಂಗಾಲು ಕೆಂಪಗೆ ಬೆಂದಿತ್ತು, ಬೆರಳುಗಳ ಬುಡದಲ್ಲಿ ನೀರುಗುಳ್ಳೆ ಏಳುತ್ತಿತ್ತು. ನಡುವೆ ಹಸಿರು ಗಾಜಿನ ಬಳೆಚೂರು ಅರ್ಧ ಒಳಗೆ ಹೊಕ್ಕಿತ್ತು. ಸರ್ವಮಂಗಳಾ ಅದನ್ನು ಯಾರದೋ ಪಾದ ನೋಡಿದ ಹಾಗೆ ನೋಡಿದಳು. ಗೌತಮಿ ಮೆಲ್ಲಗೆ ಚೂರನ್ನು ಕಿತ್ತಳು.

“ನೋವಾಯ್ತಾ?”

“ಹೂಂ. ಸ್ವಲ್ಪ ಚುಚ್ಚಿದ ಹಾಗಾಯ್ತು,” ಎಂದಳು ಸರ್ವಮಂಗಳಾ.

ಚೂರು ಕೀಳುವಾಗ ಆ ಪಾದ ಮಿಸುಕಿರಲಿಲ್ಲ; ಗೌತಮಿ ಅದನ್ನು ಗಮನಿಸಿದ್ದಳು. “ಅಮ್ಮ, ಕಣ್ಣು ಮುಚ್ಚಿ. ಯಾವ ಬೆರಳು ಮುಟ್ತೀನಿ ಹೇಳಿ,” ಎಂದಳು.

ಸರ್ವಮಂಗಳಾ ಕಣ್ಣು ಮುಚ್ಚಿದಳು. ಹೊಳೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು.

“ಹೆಬ್ಬೆರಳು,” ಎಂದಳು.

“ಈಗ?”

“ನಡುಬೆರಳು.”

“ಈಗ?”

“ಕಿರುಬೆರಳು ಅಲ್ವಾ?”

ಸರ್ವಮಂಗಳಾ ಕಣ್ಣು ತೆರೆದಳು. ಗೌತಮಿ ಎರಡೂ ಕೈಯನ್ನು ತನ್ನ ಮೊಣಕಾಲ ಮೇಲೆ ಮಡಚಿ ಇಟ್ಟುಕೊಂಡಿದ್ದಳು. ಯಾವ ಬೆರಳನ್ನೂ ಅವಳು ಮುಟ್ಟಿರಲಿಲ್ಲ.

ಸುತ್ತ ನಿಂತಿದ್ದ ಹೆಂಗಸರು ಮುಖಮುಖ ನೋಡಿಕೊಂಡರು. ಸರ್ವಮಂಗಳಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಕಾರ್ತಿಕದಿಂದ ಏನೂ ಗೊತ್ತಾಗ್ತಿಲ್ಲ ಮಿಸ್,” ಎಂದಳು. “ಮೊದಲ್ನೇ ದಿನದಿಂದಾನೂ ನಾನು ಹೇಳಿದ್ದೆಲ್ಲ ಸುಳ್ಳು.”

“ಯಾಕಮ್ಮ?” ಗೌತಮಿಯ ದನಿಯಲ್ಲಿ ಸಿಟ್ಟಿತ್ತು. “ಕಾಲು ಹೋಗಿದ್ರೆ? ಇಷ್ಟು ಜನರ ಮುಂದೆ ನಿಮ್ಮನ್ನ ಬೆಂಕಿ ಮೇಲೆ ನಡೆಸಿದ ಹಾಗಾಯ್ತಲ್ಲ ನಾನು.”

“ನಡೀತಾ ನಡೀತಾ ಬರುತ್ತೆ ಅಂದ್ಕೊಂಡೆ.”

ಗೌತಮಿ ರಕ್ತ ಒಸರುತ್ತಿದ್ದ ಜಾಗಕ್ಕೆ ತನ್ನ ದುಪಟ್ಟಾ ಒತ್ತಿ ಹಿಡಿದಳು. ಆಮೇಲೆ ತನಗೇ ಹೇಳಿಕೊಳ್ಳುವ ಹಾಗೆ ಹೇಳಿದಳು: “ನಾನಾದ್ರೂ ಒಂದ್ಸಲ ನಿಮ್ಮ ಪಾದ ನೋಡ್ಬೇಕಿತ್ತು. ಮಾತು ಚೆನ್ನಾಗಿತ್ತು, ಮಾತೇ ಕೇಳ್ಕೊಂಡು ಕೂತೆ.” ತನ್ನ ಕೈಬೆರಳನ್ನು ಬಾಟಲಿಯ ನೀರಿನಿಂದ ಒದ್ದೆ ಮಾಡಿಕೊಂಡಳು. “ಇನ್ನೊಂದ್ಸಲ ಕಣ್ಣು ಮುಚ್ಚಿ. ಈ ಸಲ ನಿಜವಾಗ್ಲೂ ಮುಟ್ತೀನಿ. ಕೆಳಗಿಂದ ಮೇಲಕ್ಕೆ ಬರ್ತೀನಿ. ಗೊತ್ತಾದ ಕಡೆ ಹೇಳಿ. ಗೊತ್ತಾಗ್ಲಿಲ್ಲ ಅಂದ್ರೆ ಸುಮ್ನಿರಿ. ಸುಮ್ನಿರೋದೂ ಉತ್ತರಾನೇ.”

ಸುಮ್ಮನಿರುವುದು ಇಷ್ಟು ಕಷ್ಟ ಎಂದು ಸರ್ವಮಂಗಳಾಗೆ ಗೊತ್ತಿರಲಿಲ್ಲ. ಈಗ ಬೆರಳುಗಳ ಮೇಲೆ ಇರಬೇಕು, ಈಗ ಪಾದದ ಮೇಲೆ, ಈಗ ಹರಡಿನ ಗಂಟಿನ ಹತ್ತಿರ ಎಂದು ಊಹೆ ನಾಲಿಗೆಯ ತುದಿಗೆ ಬಂದು ಬಂದು ನಿಲ್ಲುತ್ತಿತ್ತು. ನುಂಗಿಕೊಂಡಳು. ಬಹಳ ಹೊತ್ತು ಏನೂ ಇರಲಿಲ್ಲ. ಆಮೇಲೆ ಎಲ್ಲಿಂದಲೋ, ಕತ್ತಲೆಯಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ, ಒಂದು ತಣ್ಣನೆಯ ಗೆರೆ.

“ಇಲ್ಲಿ,” ಎಂದಳು. “ಮಿಸ್, ಇಲ್ಲಿ ಗೊತ್ತಾಗುತ್ತೆ.”

ಅದು ಹರಡಿನಿಂದ ಒಂದು ಗೇಣು ಮೇಲೆ, ಮೀನಖಂಡ ಶುರುವಾಗುವ ಕಡೆ. ದೇವೀರಮ್ಮ ಕಣ್ಣೊರೆಸಿಕೊಂಡು ಹೊಳೆಪೂಜೆಗೆಂದು ತಂದಿದ್ದ ಬಟ್ಟಲಿನಿಂದ ಕುಂಕುಮ ತೆಗೆದು ಅಲ್ಲೊಂದು ಗೆರೆ ಎಳೆದಳು. “ಇಲ್ಲಿಂದ್ ಮ್ಯಾಲೆ ನಮ್ ಅಕ್ಕ ಅವ್ರೆ,” ಎಂದಳು. “ಇಲ್ಲಿಂದ್ ಕೆಳಿಕ್ಕೆ ಯಾರೋ ಬಾಡಿಗೇವ್ರು.”

ಸರ್ವಮಂಗಳಾ ಅಳುತ್ತಲೇ ನಕ್ಕಳು.

ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ತೊಳೆದು ಕಟ್ಟಿದರು. ಈವತ್ತೇ ಕಣ್ಣಿಗೆ ಬಿತ್ತು, ಬದುಕಿದಿರಿ ಎಂದರು. ಸತ್ತ ನರಕ್ಕೆ ಮತ್ತೆ ಜೀವ ಬರುವ ಆಸೆ ಕಡಿಮೆ, ಉಳಿದದ್ದನ್ನು ಕಾಯಿರಿ ಎಂದರು. ಇನ್ನು ಮೇಲೆ ಬರಿಗಾಲಿನಲ್ಲಿ ನಡೆಯುವ ಹಾಗೇ ಇಲ್ಲ. ಮನೆಯೊಳಗೂ ಇಲ್ಲ, ದೇವರ ಮನೆಗೂ ಇಲ್ಲ.

ಗೌತಮಿ ಎಸ್‌ಟಿಡಿ ಬೂತಿನಿಂದ ಮಂಡಿಗೆ ಫೋನು ಮಾಡಿದ್ದಳು. ಕಲ್ಲಯ್ಯ ಬಾಳೆಕಾಯಿ ಸಾಗಿಸುವ ಟೆಂಪೋದಲ್ಲೇ ಬಂದ. ಹೆಂಡತಿಯನ್ನು ಮುಂದೆ ಕೂರಿಸಿ, ಹಳ್ಳ ಬಂದಾಗಲೆಲ್ಲ ಡ್ರೈವರನನ್ನು ಬೈಯುತ್ತಾ ಅರ್ಧ ದಾರಿ ಕಳೆದ. ಆಮೇಲೆ ಕೇಳಿದ: “ನನ್ಗೊಂದ್ ಮಾತು ಹೇಳ್ಬಾರ್ದಿತ್ತಾ ಮಂಗಳ?”

“ಹೇಳಿದ್ರೆ ಮಿಷಿನ್ನು ಅಟ್ಟಕ್ಕೆ ಹಾಕ್ತಿದ್ರಿ.”

“ಹಾಕ್ತಿದ್ದೆ,” ಎಂದ ಕಲ್ಲಯ್ಯ. “ಈಗ್ಲೂ ಹಾಕ್ತೀನಿ.”

“ಹಾಕಿದ್ರೆ ಇನ್ನೊಂದ್ಸಲ ಏನಾದ್ರೂ ಆದಾಗ್ಲೂ ಹೇಳಲ್ಲ ರೀ ನಾನು. ಅಕ್ಕನ ಹಾಗೆ ಮಂಚದ ಮೇಲೆ ಕೂರಕ್ಕೆ ನನ್ ಕೈಲಿ ಆಗಲ್ಲ.”

ಕಲ್ಲಯ್ಯ ನಂಜನಗೂಡಿನ ಸೇತುವೆ ದಾಟುವಾಗ, ಯಾರನ್ನೋ ಕೇಳುವ ಹಾಗೆ, “ಮಿಷಿನ್ನಿಗೆ ಮೋಟ್ರು ಕೂರಿಸ್ತಾರಂತಲ್ಲ, ಎಲ್ಲಿ ಕೂರಿಸ್ತಾರೆ?” ಎಂದ. ಪಾದದ ಕೆಲಸ ಅದರಲ್ಲೂ ಸ್ವಲ್ಪ ಇರುತ್ತದೆಯೆಂದು ಸರ್ವಮಂಗಳಾ ಹೇಳಿದಳು. “ಚಪ್ಪಲಿ ಹಾಕ್ಕೊಂಡು ತುಳಿ,” ಎಂದ.

ಅಂದಿನಿಂದ ಮಂಡಿಯಿಂದ ಬಂದವನೇ ಅವಳ ಪಾದಗಳನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡುವುದು ಅವನ ಕೆಲಸವಾಯಿತು, ಗೊನೆಗೆ ಪೆಟ್ಟಾಗಿದೆಯೇ ಎಂದು ನೋಡುವ ಹಾಗೆ. ಮೊದಮೊದಲು ಅವಳಿಗೆ ಸಂಕೋಚ. ಗಂಡನ ಕೈಗೆ ಕಾಲು ಕೊಡುವುದೆಂದರೇನು! “ಹಣ್ಣಾಗಿಲ್ಲ ಬಿಡಿ,” ಎಂದು ಕೊನೆಗೆ ಅವಳೇ ತಮಾಷೆ ಮಾಡತೊಡಗಿದಳು.

ಗಾಯ ಮಾಯಲು ಬಹಳ ದಿನ ಹಿಡಿಯಿತು. ಗೌತಮಿ ಎರಡು ಸಲ ಮನೆಗೆ ಬಂದಳು. ತರಗತಿಗೆ ಬನ್ನಿ ಎಂದು ಒತ್ತಾಯ ಮಾಡಲಿಲ್ಲ. ಮಠದ ಹಾಲಿಗೆ ಚಪ್ಪಲಿ ಹಾಕಿಕೊಂಡು ಯಾರೂ ಹೋಗುವಂತಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ನಡಿಗೆ ಸರ್ವಮಂಗಳಾಳನ್ನು ಬಿಟ್ಟಿರಲಿಲ್ಲ. ಪಡಸಾಲೆಯಲ್ಲಿ, ಡಾಕ್ಟರು ಕೊಡಿಸಿದ, ಹಿಮ್ಮಡಿಗೆ ಪಟ್ಟಿಯಿದ್ದ ಮೆತ್ತನೆಯ ಚಪ್ಪಲಿ ಹಾಕಿಕೊಂಡು, ಹೆಜ್ಜೆ ಇಡುವ ಮುಂಚೆ ನೆಲ ನೋಡಿಕೊಂಡು ನಡೆಯುತ್ತಿದ್ದಳು. ಪಾದವನ್ನು ಕೇಳುವುದು ಬಿಟ್ಟಿದ್ದಳು. ದೇವೀರಮ್ಮ ಎಳೆದ ಗೆರೆಯಿಂದ ಮೇಲಿನದ್ದನ್ನು ಮಾತ್ರ ಕೇಳುತ್ತಿದ್ದಳು. ಅಲ್ಲಿ ಕೇಳಿದರೆ ಉತ್ತರ ಬರುತ್ತಿತ್ತು.

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ ಕೈಚೀಲ ಹಿಡಿದು ಮಠದ ಹಾಲಿಗೆ ಹೋದಳು. ಬಾಗಿಲಲ್ಲಿ ಬೀದಿಯ ಚಪ್ಪಲಿ ಬಿಟ್ಟು, ಚೀಲದಿಂದ ಅಂಥದ್ದೇ ಹೊಸ ಜೊತೆ ತೆಗೆದು ಹಾಕಿಕೊಳ್ಳುತ್ತಿದ್ದಾಗ ಹಾಲ್ ನೋಡಿಕೊಳ್ಳುವ ಶಿವಮಲ್ಲಪ್ಪ ಓಡಿ ಬಂದ.

“ಏನ್ ತಾಯಿ ಇದು? ಮಠದೊಳಿಕ್ಕೆ ಮೆಟ್ಟಾಕೊಂಡ್ ಬತ್ತೀರಾ? ನಿಮಗ್ ಗೊತ್ತಿಲ್ದೇ ಇರೋದಾ?”

ಒಳಗೆ ಹೆಂಗಸರ ಮಾತು ನಿಂತಿತು. ಸಂಗಮಕ್ಕೆ ಬಾರದ ಹೊಸಬರು ಹಲವರಿದ್ದರು. ಕಾಲು ಉಳುಕಿದೆ ಎನ್ನಬಹುದಿತ್ತು. ಆ ಉತ್ತರ ನಾಲಿಗೆಯ ಮೇಲೆ ತಾನಾಗಿ ಬಂದು ಕೂತಿತ್ತು.

“ನನ್ನ ಪಾದ ಸತ್ತೋಗಿದೆ ಶಿವಮಲ್ಲಪ್ಪನೋರೆ,” ಎಂದಳು ಸರ್ವಮಂಗಳಾ, ಒಳಗಿನವರಿಗೂ ಕೇಳುವ ಹಾಗೆ. “ಮುಳ್ಳು ಚುಚ್ಚಿದ್ರೂ ಬೆಂಕಿ ತುಳಿದ್ರೂ ತಿಳಿಯಲ್ಲ. ಬರಿಗಾಲಲ್ಲಿ ನಡೆದ್ರೆ ಕಾಲು ತೆಗೀಬೇಕಾಗುತ್ತೆ. ಈ ಚಪ್ಪಲಿ ಹೊಸದು, ಬೀದಿ ಕಂಡಿಲ್ಲ. ಬೇಡ ಅಂದ್ರೆ ವಾಪಸ್ ಹೋಗ್ತೀನಿ.”

ಶಿವಮಲ್ಲಪ್ಪ ತಲೆ ಕೆರೆದುಕೊಂಡ. ಕೆಟ್ಟವನಲ್ಲ, ಯಾರಾದರೂ ನೋಡಿ ಮಠದ ಸ್ವಾಮಿಗಳಿಗೆ ಹೇಳಿದರೆ ಎಂಬ ಚಿಂತೆ ಅವನದು. “ಅಂಗಂದ್ರೆ… ಬುದ್ಧಿಯೋರನ್ನ ಒಂದ್ ಮಾತ್ ಕೇಳ್ಬೇಕಾಯ್ತದೆ.”

ದೇವೀರಮ್ಮ ಒಳಗಿನಿಂದಲೇ ಅಂದಳು: “ಕೇಳಿ, ಕೇಳಿ. ಬುದ್ಧಿಯೋರು ಆವುಗೆ ಆಕ್ಕಂಡ್ ಒಳಗೆಲ್ಲ ಟಕಟಕ ಅಂತ ಓಡಾಡ್ತಾರಲ್ಲ, ಅದೇನ್ ಮೆಟ್ಟಲ್ವಾ?”

“ಅದು ಮರದ್ದು ಕಣವ್ವ. ಗುರುಗಳದ್ದು.”

“ಇದು ಡಾಕ್ಟ್ರು ಕೊಟ್ಟಿರೋದು. ಅವ್ರೂ ಗುರುಗಳೇಯ. ಬುಡಿ ಒಳಿಕ್ಕೆ, ಗಾಳಿ ಬತ್ತಾ ಅದೆ.”

ಯಾರೋ ಕಿಸಕ್ಕೆಂದರು. ಶಿವಮಲ್ಲಪ್ಪ ಬಗ್ಗಿ ಚಪ್ಪಲಿಯ ಅಡಿಯನ್ನು ನೋಡಿದ. ಧೂಳಿಲ್ಲ. “ಇದ್ನ ಮನೆಗ್ ತಗೊಂಡ್ ಹೋಗ್ಬೇಡಿ ತಾಯಿ,” ಎಂದ ಕೊನೆಗೆ. “ಇಲ್ಲೇ ಗೂಡಲ್ಲಿಟ್ ಹೋಗಿ. ಬುದ್ಧಿಯೋರ್ಗೆ ನಾನ್ ಹೇಳ್ಕೋತೀನಿ.”

ಅವಳು ಸಾಲಿನಲ್ಲಿ ಕೊನೆಗೆ ನಿಂತಳು. ಗೌತಮಿ ಎಂದಿನಂತೆ ಶುರುಮಾಡಿದಳು. ಹಿಮ್ಮಡಿ ಏಳುತ್ತಿದೆ. ಸರ್ವಮಂಗಳಾಗೆ ಹಿಮ್ಮಡಿ ಗೊತ್ತಾಗಲಿಲ್ಲ. ಮೀನಖಂಡ ಬಿಗಿಯಾದದ್ದು ಗೊತ್ತಾಯಿತು. ಭಾರ ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ದಾಟಿದ್ದು ಗೊತ್ತಾಯಿತು. ಬಲಮೊಣಕಾಲಿನಲ್ಲಿ ಒಂದು ಸಣ್ಣ ನೋವಿತ್ತು; ಇಷ್ಟು ದಿನ ಅದನ್ನು ಯಾರೂ ವಿಚಾರಿಸಿರಲಿಲ್ಲ. ಕೆಳಗೆ, ಗೆರೆಯಿಂದಾಚೆ, ನಿಶ್ಶಬ್ದ. ಅವಳು ಅದನ್ನು ತುಂಬಲು ಹೋಗಲಿಲ್ಲ. ಹೆಜ್ಜೆ ಇಟ್ಟಳು.

ನಡೆದಾದ ಮೇಲೆ ಎಲ್ಲರೂ ಸುತ್ತ ಕೂತರು. ಕಲ್ಲು ತಣ್ಣಗಿತ್ತು ಎಂದರು ಒಬ್ಬರು. ಗೌತಮಿ ಅವಳ ಕಡೆ ತಿರುಗಿದಳು.

“ಪಾದಕ್ಕೆ ಏನೂ ಗೊತ್ತಾಗ್ಲಿಲ್ಲ ಮಿಸ್,” ಎಂದಳು ಸರ್ವಮಂಗಳಾ. “ಮೊಣಕಾಲು ಗೊತ್ತಾಯ್ತು.”

“ಸರಿ,” ಎಂದಳು ಗೌತಮಿ, ಪಕ್ಕದ ಹೊಸ ಹೆಂಗಸಿನ ಕಡೆ ತಿರುಗುತ್ತಾ. “ನೀವು ಹೇಳಿ.”